ಮಿಡಿತ ಸುಮ್ಮನಾದರೆ ಹೃದಯ ಕ್ಷೇಮವೇ?

“ಎದೆ ಡವಡವ ಅನ್ನುತ್ತಿದೆಯೇ? ಬಡಿತ ನಡುನಡುವೆ ತಪ್ಪಿದ ಹಾಗಾಗುತ್ತಿದೆಯೇ? ಟಾರಿನ್ ತೆಗೆದುಕೊಳ್ಳಿ, ಜೊತೆಗೆ ಎಲ್-ಅರ್ಜಿನಿನ್ ಸೇರಿಸಿ. ಇವು ಔಷಧಗಳಲ್ಲ, ನಮ್ಮ ಮೈಯಲ್ಲೇ ಇರುವ ಅಮೈನೊ ಆಮ್ಲಗಳು. ಗುಣವಾದರೆ ಸಂತೋಷ, ಆಗದಿದ್ದರೆ ಕಳೆದುಕೊಳ್ಳುವುದೇನೂ ಇಲ್ಲ.” ಜಿಮ್‌ನಲ್ಲಿ, ಯೂಟ್ಯೂಬ್‌ನಲ್ಲಿ, ಬೆಳಗಿನ ವಾಯುವಿಹಾರದ ಮಾತುಕತೆಯಲ್ಲಿ, ವಾಟ್ಸ್ಆ್ಯಪ್ ಗುಂಪುಗಳಲ್ಲಿ ಈ ಸಲಹೆ ಈಗ ಧಾರಾಳವಾಗಿ ಸಿಗುತ್ತದೆ. ಕೊಡುವವರಲ್ಲಿ ಹೆಚ್ಚಿನವರು ಒಳ್ಳೆಯ ಮನಸ್ಸಿನವರು. ತಮಗೆ ಹಿತವಾದದ್ದನ್ನು ಇನ್ನೊಬ್ಬರಿಗೂ ಹೇಳುತ್ತಿದ್ದಾರೆ, ಅಷ್ಟೇ. ಆದರೂ ಈ ಸಲಹೆ ತಪ್ಪು. ತಿಳಿದವರು ಸುಮ್ಮನಿದ್ದಷ್ಟೂ ಅದು ಇನ್ನಷ್ಟು ಮನೆಗಳನ್ನು ಹೊಗುತ್ತದೆ. ಅದಕ್ಕಾಗಿ ಈ ಲೇಖನ.

ಕರ್ನಾಟಕದಲ್ಲಿ ಇಂಥ ಮಾತಿಗೆ ಕಿವಿಗೊಡುವವರು ಹೆಚ್ಚಾಗಲು ಕಾರಣ ಇದೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡಾಗ ನಾಡಿಗೆ ನಾಡೇ ತನ್ನ ಎದೆ ಮುಟ್ಟಿ ನೋಡಿಕೊಂಡಿತು. ವ್ಯಾಯಾಮ ಮಾಡುತ್ತಿದ್ದ, ನಗುನಗುತ್ತಿದ್ದ ಮನುಷ್ಯನಿಗೇ ಹೀಗಾದರೆ ನಮ್ಮ ಗತಿಯೇನು ಎಂದು ಜನ ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಸಾಲುಗಟ್ಟಿದರು. 2025ರಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸುದ್ದಿಗಳು ಒಂದರ ಹಿಂದೊಂದು ಬಂದಾಗಲೂ ಅದೇ ಸಾಲು, ಅದೇ ಆತಂಕ. ಈ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ನನ್ನ ತಕರಾರು ಇರುವುದು ಆ ಭಯಕ್ಕೆ ಡಬ್ಬಿಯೊಂದನ್ನು ಉತ್ತರವೆಂದು ಕೈಗಿಡುವ ವಾದದ ಮೇಲೆ.

ಮೊದಲು ಆ ವಾದದಲ್ಲಿರುವ ಬಲವನ್ನು ಬಲವೆಂದೇ ಒಪ್ಪಿಕೊಳ್ಳೋಣ.

ಟಾರಿನ್ ಕಟ್ಟುಕತೆಯ ವಸ್ತುವಲ್ಲ. ಜರ್ಮನಿಯ ಟೀಡೆಮನ್ ಮತ್ತು ಗ್ಮೆಲಿನ್ ಎಂಬ ವಿಜ್ಞಾನಿಗಳು 1827ರಲ್ಲೇ ಅದನ್ನು ಎತ್ತಿನ ಪಿತ್ತರಸದಿಂದ ಬೇರ್ಪಡಿಸಿದರು. ಹೃದಯದ ಸ್ನಾಯುವಿನಲ್ಲಿ ಅದು ಹೇರಳವಾಗಿದೆ. ಜೀವಕೋಶದ ಒಳಗೆ ಹೊರಗೆ ಓಡಾಡುವ ಕ್ಯಾಲ್ಸಿಯಂ, ಸೋಡಿಯಂ, ಪೊಟ್ಯಾಸಿಯಂಗಳ ಹದ ಕಾಯುವುದರಲ್ಲಿ ಅದರ ಪಾತ್ರವಿದೆ. ಮಿಡಿತ ಹುಟ್ಟುವುದು ಈ ಓಡಾಟದಿಂದಲೇ. ಟಾರಿನ್ ಕೊರತೆಯಿರುವ ಆಹಾರ ತಿಂದ ಸಾಕುಬೆಕ್ಕುಗಳ ಹೃದಯ ಹಿಗ್ಗಿ ದುರ್ಬಲವಾಗುತ್ತದೆ, ಟಾರಿನ್ ಕೊಟ್ಟರೆ ಚೇತರಿಸಿಕೊಳ್ಳುತ್ತದೆ ಎಂದು 1987ರಲ್ಲಿ ಅಮೆರಿಕದ ಪಶುವೈದ್ಯರು ತೋರಿಸಿದರು; ಬೆಕ್ಕಿನ ಆಹಾರ ತಯಾರಿಕೆಯೇ ಆಮೇಲೆ ಬದಲಾಯಿತು. ಜಪಾನಿನಲ್ಲಿ ಹೃದಯ ವೈಫಲ್ಯಕ್ಕೆ ಟಾರಿನ್ ಬಳಸಲು ಅನುಮತಿಯಿದೆ. ಅರ್ಜಿನಿನ್ ಕೂಡ ಸಾಮಾನ್ಯದ್ದಲ್ಲ. ರಕ್ತನಾಳಗಳನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡನ್ನು ನಮ್ಮ ದೇಹ ತಯಾರಿಸುವುದು ಅದರಿಂದಲೇ, ಮತ್ತು ಆ ನೈಟ್ರಿಕ್ ಆಕ್ಸೈಡಿನ ಕೆಲಸವನ್ನು ಕಂಡುಹಿಡಿದ ಮೂವರಿಗೆ 1998ರ ನೊಬೆಲ್ ಬಂದಿದೆ. ನಮ್ಮಲ್ಲಂತೂ ಅರ್ಜಿನಿನ್ ಪುಡಿಯ ಸ್ಯಾಷೆ ಎಷ್ಟೋ ಮನೆಗಳಿಗೆ ಪರಿಚಿತ. ಮಗುವಿನ ಬೆಳವಣಿಗೆ ಸಾಲದು ಎಂದು ಗರ್ಭಿಣಿಯರಿಗೆ ಡಾಕ್ಟರೇ ಬರೆದುಕೊಡುತ್ತಾರೆ. ಬಸುರಿಗೇ ಕೊಡುವುದು ನಮಗೇನು ಮಾಡೀತು ಎಂಬ ಧೈರ್ಯ ಬರುವುದು ಅಲ್ಲಿಂದಲೇ.

ಹೃದಯದ ಲಯಕ್ಕೆ ಈ ಎರಡನ್ನೂ ಜೋಡಿಸಿದ ಬರಹ 2006ರದ್ದು. ಅಮೆರಿಕದ ಜಾರ್ಜ್ ಎಬಿ ಮತ್ತು ವಿಲಿಯಂ ಹಾಲ್ಕೂಂಬ್ ‘ಮೆಡಿಕಲ್ ಹೈಪಾಥಿಸಿಸ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದು. ದಿನಕ್ಕೆ 10ರಿಂದ 20 ಗ್ರಾಂ ಟಾರಿನ್ ತೆಗೆದುಕೊಂಡವರಲ್ಲಿ ಹೃದಯದ ಮೇಲಿನ ಕೋಣೆಗಳಿಂದ ಹೊರಡುವ ಅಕಾಲ ಬಡಿತಗಳು ಅರ್ಧಕ್ಕಿಳಿದವು, ಕೆಳಗಿನ ಕೋಣೆಗಳಿಂದ ಹೊರಡುವವು ಪೂರ್ತಿ ನಿಂತವು, 4ರಿಂದ 6 ಗ್ರಾಂ ಅರ್ಜಿನಿನ್ ಸೇರಿಸಿದ ಕೂಡಲೇ ಉಳಿದವೂ ಹೆಚ್ಚುಕಡಿಮೆ ಮಾಯವಾದವು ಎಂದು ಅದು ಹೇಳುತ್ತದೆ. ಬೇರೆ ಕಾರಣ ಕಾಣದ ಲಯದೋಷ ಎಂದರೆ ಈ ಎರಡರ ಕೊರತೆಯ ಲಕ್ಷಣವೇ ಇರಬೇಕು ಎಂಬುದು ಅವರ ಊಹೆ. ಇಂದು ಟಾರಿನ್ ಪರವಾಗಿ ಮಾತಾಡುವವರು ಸುತ್ತಿ ಬಳಸಿ ಬಂದು ನಿಲ್ಲುವುದು ಈ ಬರಹದ ಮುಂದೆಯೇ.

ಆದರೆ ಅದರಲ್ಲಿ ಏನಿದೆ? ಕೆಲವೇ ರೋಗಿಗಳ ಕಥನಗಳಿವೆ. ಹೋಲಿಸಿ ನೋಡಲು ಇನ್ನೊಂದು ಗುಂಪಿಲ್ಲ, ಯಾರು ಏನು ತಿಂದರೆಂದು ಗೊತ್ತಾಗದಂತೆ ಕೊಟ್ಟ ಹುಸಿಮಾತ್ರೆಯಿಲ್ಲ. ಅದು ಬಂದ ಪತ್ರಿಕೆಯೂ, ಹೆಸರೇ ಹೇಳುವಂತೆ, ಊಹೆಗಳಿಗೆಂದೇ ಮೀಸಲಾದದ್ದು. 1975ರಲ್ಲಿ ಆರಂಭವಾದ ಅದು, ಬರಹವನ್ನು ಅಚ್ಚಿಗೆ ಮೊದಲು ಬೇರೆ ತಜ್ಞರ ಪರಿಶೀಲನೆಗೆ ಕಳಿಸುವ ಪದ್ಧತಿಯನ್ನು 2010ರವರೆಗೆ ಇಟ್ಟುಕೊಂಡಿರಲಿಲ್ಲ. ಏಡ್ಸ್‌ಗೆ ಎಚ್‌ಐವಿ ಕಾರಣವಲ್ಲ ಎನ್ನುವ ಬರಹ ಅದರಲ್ಲಿ ಬಂದು ಗದ್ದಲವಾದ ಮೇಲೆ ಆ ನಿಯಮ ಬಂತು. ಊಹೆ ಮಾಡುವುದು ತಪ್ಪಲ್ಲ. ವಿಜ್ಞಾನ ಆರಂಭವಾಗುವುದೇ ಊಹೆಯಿಂದ. ಅದನ್ನು ಪರೀಕ್ಷೆ ಮಾಡದೆ ಚಿಕಿತ್ಸೆಯೆಂದು ಹಂಚುವುದು ತಪ್ಪು.

“ಪರೀಕ್ಷೆ ಯಾಕೆ ಬೇಕು? ನಾನೇ ತೆಗೆದುಕೊಂಡೆ, ವಾರದಲ್ಲಿ ನಿಂತಿತು, ಇದಕ್ಕಿಂತ ಸಾಕ್ಷಿ ಬೇಕೆ?” ಎನ್ನುತ್ತಾರೆ. ಬೇರೆ ಕೆಲವು ಕಾಯಿಲೆಗಳಲ್ಲಿ ಈ ಮಾತಿಗೆ ತೂಕ ಇದ್ದೀತು. ಲಯದೋಷದಲ್ಲಿ ಇಲ್ಲ. ಅಕಾಲ ಬಡಿತಗಳ ಗುಣವೇ ಏರಿಳಿತ. ಇವತ್ತು ನಿಮಿಷಕ್ಕೆ ನಾಲ್ಕು, ನಾಳೆ ದಿನಕ್ಕೆ ನಾಲ್ಕು. ರಾತ್ರಿ ನಿದ್ದೆಗೆಟ್ಟರೆ ಒಂದು ಲೆಕ್ಕ, ಮಗಳ ಮದುವೆ ಮುಗಿದ ಮೇಲೆ ಇನ್ನೊಂದು. ಈ ಏರಿಳಿತ ಎಷ್ಟೆಂದು 1978ರಲ್ಲೇ ಅಳೆದಿದ್ದಾರೆ. ಎದೆಗೆ ತಂತಿ ಅಂಟಿಸಿ ಇಡೀ ದಿನದ ಬಡಿತ ದಾಖಲಿಸುವ ಹೋಲ್ಟರ್ ಯಂತ್ರವನ್ನು ಔಷಧಕ್ಕೆ ಮೊದಲು ಒಂದು ದಿನ, ಔಷಧದ ಮೇಲೆ ಒಂದು ದಿನ ಹಾಕಿ ಹೋಲಿಸಿದರೆ, ಅಕಾಲ ಬಡಿತ ಶೇ. 83ರಷ್ಟು ಕಡಿಮೆಯಾದರಷ್ಟೇ ಅದು ಔಷಧದ ಫಲ ಎನ್ನಬಹುದು. ಅದಕ್ಕಿಂತ ಕಡಿಮೆಯಾದರೆ ತಾನಾಗಿ ಆದ ಇಳಿತವೂ ಇರಬಹುದು ಎಂದು ಮೋರ್ಗನ್‌ರಾತ್ ಮತ್ತು ಸಂಗಡಿಗರು ತೋರಿಸಿದರು. ಎಬಿ ಹಾಲ್ಕೂಂಬ್ ಹೇಳಿದ ಅರ್ಧದಷ್ಟು ಇಳಿಕೆಯನ್ನು ಈ ಅಳತೆಯ ಪಕ್ಕದಲ್ಲಿಟ್ಟು ನೋಡಿ. ಜೊತೆಗೆ ಮನುಷ್ಯ ಮಾತ್ರೆ ಹುಡುಕಿಕೊಂಡು ಹೋಗುವುದು ತೀರಾ ಕೆಟ್ಟ ವಾರದಲ್ಲಿ. ಅದರ ಮುಂದಿನ ವಾರ ಏನೂ ಮಾಡದಿದ್ದರೂ ಸ್ವಲ್ಪ ಹಗುರಾಗುವುದೇ ಹೆಚ್ಚು. ಆ ಹಗುರಕ್ಕೆ ಡಬ್ಬಿಯ ಹೆಸರು ಅಂಟಿಕೊಳ್ಳುತ್ತದೆ. ಹಗುರಾಗದವರು ಸುಮ್ಮನೆ ಡಬ್ಬಿ ಬಿಸಾಡುತ್ತಾರೆ. ಅವರು ಗುಂಪಿಗೆ ಬಂದು ಅನುಭವ ಹಂಚಿಕೊಳ್ಳುವುದಿಲ್ಲ.

ನಂಬಿಕೆಯ ಬಲ ಇನ್ನೂ ದೊಡ್ಡದು. ಏಟ್ರಿಯಲ್ ಫಿಬ್ರಿಲೇಶನ್ ಎಂಬ ಲಯದೋಷದಲ್ಲಿ ಹೃದಯದ ಮೇಲಿನ ಕೋಣೆಗಳು ತಾಳ ಬಿಟ್ಟು ನಡುಗುತ್ತವೆ. ಅದಕ್ಕೆ ಕ್ಯಾತಿಟರ್ ಎಂಬ ತೆಳುನಳಿಕೆ ತೂರಿಸಿ ಹೃದಯದೊಳಗಿನ ತಪ್ಪು ಕಿಡಿಗಳ ಜಾಗ ಸುಡುವ ಅಬ್ಲೇಶನ್ ಚಿಕಿತ್ಸೆ ಇದೆ. ಲಕ್ಷಾಂತರ ಜನಕ್ಕೆ ಮಾಡಿದ ಚಿಕಿತ್ಸೆ ಅದು. ಆದರೂ ಬ್ರಿಟನ್ನಿನ ವೈದ್ಯರು ಅದನ್ನೂ ನಂಬಿಕೆಯ ಮೇಲೆ ಬಿಡಲಿಲ್ಲ. 126 ರೋಗಿಗಳಲ್ಲಿ ಕೆಲವರಿಗೆ ನಿಜವಾದ ಅಬ್ಲೇಶನ್, ಉಳಿದವರಿಗೆ ಹುಸಿ ಅಬ್ಲೇಶನ್ ಮಾಡಿದರು. ಯಾರಿಗೆ ಯಾವುದಾಯಿತು ಎಂದು ರೋಗಿಗೆ ಗೊತ್ತಿರಲಿಲ್ಲ. ಎಲ್ಲರ ಎದೆಯ ಚರ್ಮದಡಿ ಬಡಿತ ದಾಖಲಿಸುವ ಪುಟ್ಟ ಯಂತ್ರ ಇಟ್ಟಿದ್ದರು. 2024ರಲ್ಲಿ ಫಲಿತಾಂಶ ಬಂತು. ಆರು ತಿಂಗಳ ಮೇಲೆ ನಿಜವಾದ ಚಿಕಿತ್ಸೆ ಪಡೆದವರಲ್ಲಿ ರೋಗದ ಹೊರೆ ಸುಮಾರು ಶೇ. 60 ಇಳಿದಿತ್ತು. ಚಿಕಿತ್ಸೆ ಗೆದ್ದಿತು. ಆದರೆ ಹುಸಿ ಚಿಕಿತ್ಸೆಯವರಲ್ಲೂ ಶೇ. 35 ಇಳಿದಿತ್ತು. ಅದು ರೋಗಿಯ ಬಾಯಿಮಾತಿನ ಲೆಕ್ಕವಲ್ಲ, ಎದೆಯೊಳಗಿದ್ದ ಯಂತ್ರ ಬರೆದುಕೊಂಡದ್ದು. ಹುಸಿ ಚಿಕಿತ್ಸೆ ಪಡೆದವರಿಗೆ ಅದೇ ದಿನ ಯಾರಾದರೂ ಟಾರಿನ್ ಡಬ್ಬಿ ಕೊಟ್ಟಿದ್ದರೆ, ಅವರಲ್ಲಿ ಎಷ್ಟೋ ಜನ ಇವತ್ತು ಟಾರಿನ್ನಿನ ಗುಣಗಾನ ಮಾಡುತ್ತಿದ್ದರು, ಮತ್ತು ಒಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಸ್ವಂತ ಅನುಭವವನ್ನು ನಾನು ಸುಳ್ಳೆನ್ನುವುದಿಲ್ಲ. ಹಗುರಾದದ್ದು ನಿಜ. ಯಾವುದರಿಂದ ಹಗುರಾಯಿತು ಎಂಬುದನ್ನು ಹೇಳುವ ಶಕ್ತಿ ಆ ಅನುಭವಕ್ಕಿಲ್ಲ.

ಈಗ ಇನ್ನೂ ಮುಖ್ಯವಾದ ಮಾತಿಗೆ ಬರುತ್ತೇನೆ. ಟಾರಿನ್ ನಿಜಕ್ಕೂ ಬಡಿತವನ್ನು ಶಾಂತಗೊಳಿಸುತ್ತದೆ ಎಂದೇ ಇಟ್ಟುಕೊಳ್ಳೋಣ. ಆಗಲೂ ಅದರಿಂದ ಒಳ್ಳೆಯದಾಯಿತು ಎನ್ನಲಾಗದು. ಹೃದ್ರೋಗ ವಿಜ್ಞಾನ ಈ ಪಾಠ ಕಲಿತದ್ದು ಬಹಳ ದುಬಾರಿ ಬೆಲೆ ತೆತ್ತು.

1980ರ ದಶಕದಲ್ಲಿ ಎಲ್ಲ ವೈದ್ಯರಿಗೂ ಒಂದು ವಿಷಯ ಗೊತ್ತಿತ್ತು: ಹೃದಯಾಘಾತವಾದವರಲ್ಲಿ ಅಕಾಲ ಬಡಿತ ಹೆಚ್ಚಿದ್ದರೆ ಸಾವೂ ಹೆಚ್ಚು. ಹಾಗಾದರೆ ಆ ಬಡಿತಗಳನ್ನು ಅಡಗಿಸಿದರೆ ಸಾವು ತಪ್ಪಬೇಕು. ಇದಕ್ಕಿಂತ ಸರಳವಾದ ತರ್ಕ ಇದೆಯೇ? ಎನ್‌ಕೈನೈಡ್, ಫ್ಲೆಕೈನೈಡ್ ಎಂಬ ಔಷಧಗಳು ಅಕಾಲ ಬಡಿತವನ್ನು ಚೆನ್ನಾಗಿ ಅಡಗಿಸುತ್ತಿದ್ದವು. ಅಮೆರಿಕದಲ್ಲಿ ಸರ್ಕಾರದ ಹಣದಿಂದ ‘ಕಾಸ್ಟ್’ ಎಂಬ ಪ್ರಯೋಗ ನಡೆಯಿತು. ಅದರ ಒಂದು ವಿವರವನ್ನು ಓದುಗರು ಗಮನವಿಟ್ಟು ನೋಡಬೇಕು. ಮೊದಲು ಎಲ್ಲರಿಗೂ ಔಷಧ ಕೊಟ್ಟು, ಹೋಲ್ಟರಿನಲ್ಲಿ ಯಾರ ಅಕಾಲ ಬಡಿತ ಅಡಗಿತೋ ಅವರನ್ನಷ್ಟೇ ಪ್ರಯೋಗಕ್ಕೆ ಆರಿಸಿದರು. ಎಂದರೆ ಅವರೆಲ್ಲರಿಗೂ ಔಷಧ ‘ಕೆಲಸ ಮಾಡಿತ್ತು’. ಆಮೇಲೆ ಚೀಟಿ ಎತ್ತಿದ ಹಾಗೆ ಅರ್ಧ ಜನಕ್ಕೆ ಅದೇ ಔಷಧ, ಅರ್ಧ ಜನಕ್ಕೆ ಹುಸಿಮಾತ್ರೆ. 1989ರಲ್ಲಿ ಆ ಎರಡು ಔಷಧಗಳ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. 1991ರಲ್ಲಿ ಪ್ರಕಟವಾದ ಲೆಕ್ಕ ಹೀಗಿತ್ತು: ಹುಸಿಮಾತ್ರೆ ತಿಂದ 743 ಜನರಲ್ಲಿ ಸತ್ತವರು 26. ಔಷಧ ತಿಂದ 755 ಜನರಲ್ಲಿ ಸತ್ತವರು 63. ಸರಾಸರಿ ಹತ್ತೇ ತಿಂಗಳಲ್ಲಿ.

ಈ ಸಂಖ್ಯೆಗಳ ಮುಂದೆ ಸ್ವಲ್ಪ ನಿಲ್ಲಬೇಕು. ಔಷಧ ತಿಂದವರ ಎದೆ ಶಾಂತವಾಗಿತ್ತು, ವರದಿ ಶುಭ್ರವಾಗಿತ್ತು, ವೈದ್ಯರು ಸಮಾಧಾನದಿಂದಿದ್ದರು, ಮನೆಯವರು ದೇವರಿಗೆ ಕೈಮುಗಿದಿದ್ದರು. ಹುಸಿಮಾತ್ರೆ ತಿಂದವರ ಎರಡೂವರೆ ಪಟ್ಟಿಗೆ ಸಮೀಪದ ಪ್ರಮಾಣದಲ್ಲಿ ಅವರೇ ಸತ್ತರು. ಕುಕ್ಕರ್ ಸೀಟಿ ಹೊಡೆಯುವುದು ನಿಂತಿತೆಂದರೆ ಒಳಗಿನ ಒತ್ತಡ ಇಳಿದಿದೆ ಎಂದೇ ಅರ್ಥವಲ್ಲ, ಆವಿ ಹೋಗುವ ಕಿಂಡಿ ಕಟ್ಟಿಕೊಂಡಿರಲೂಬಹುದು. ಬಡಿತದ ಸದ್ದೂ ಹಾಗೆಯೇ. ಹೃದಯದ ವಿದ್ಯುತ್ತಿನ ಮೇಲೆ ಕೈಯಾಡಿಸುವ ಯಾವ ವಸ್ತುವಿಗೂ ಒಂದು ಬಗೆಯ ಅಪಲಯವನ್ನು ಅಡಗಿಸಿ ಇನ್ನೊಂದು ಬಗೆಯದನ್ನು ಎಬ್ಬಿಸುವ ಸಾಮರ್ಥ್ಯ ಇರಬಲ್ಲದು. ಟಾರಿನ್ ಕ್ಯಾಲ್ಸಿಯಂ, ಸೋಡಿಯಂ, ಪೊಟ್ಯಾಸಿಯಂಗಳ ಓಡಾಟವನ್ನು ತಿದ್ದುವಷ್ಟು ಪ್ರಬಲ ಎನ್ನುವವರು, ಅದೇ ಉಸಿರಿನಲ್ಲಿ ಅದು ಏನೂ ಕೇಡು ಮಾಡಲಾರದಷ್ಟು ಸಾಧು ಎಂದೂ ಹೇಳುತ್ತಾರೆ. ಎರಡರಲ್ಲಿ ಒಂದನ್ನು ಅವರು ಬಿಡಲೇಬೇಕು.

“ದೇಹದಲ್ಲೇ ಇರುವ ವಸ್ತು, ಅದು ಹೇಗೆ ಕೆಡುಕು ಮಾಡೀತು?” ಎಂಬುದು ಮುಂದಿನ ಪ್ರಶ್ನೆ. ಇದಕ್ಕೆ ಉತ್ತರವನ್ನು ಅರ್ಜಿನಿನ್ನೇ ಕೊಟ್ಟಿದೆ, ಅದೂ ಎಬಿ ಹಾಲ್ಕೂಂಬ್ ಬರಹ ಬಂದ ಅದೇ 2006ರಲ್ಲಿ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವೈದ್ಯರು ಹೃದಯಾಘಾತವಾಗಿ ಚೇತರಿಸಿಕೊಳ್ಳುತ್ತಿದ್ದ 153 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ದಿನಕ್ಕೆ ಮೂರು ಹೊತ್ತು 3 ಗ್ರಾಂನಂತೆ ಅರ್ಜಿನಿನ್, ಇನ್ನೊಂದಕ್ಕೆ ಹುಸಿಮಾತ್ರೆ ಕೊಟ್ಟರು. ರಕ್ತನಾಳ ಮೃದುವಾಗಬಹುದು, ಹೃದಯದ ಬಲ ಹೆಚ್ಚಬಹುದು ಎಂಬ ನಿರೀಕ್ಷೆ. ಆರು ತಿಂಗಳಲ್ಲಿ ರಕ್ತನಾಳವೂ ಮೃದುವಾಗಲಿಲ್ಲ, ಹೃದಯದ ಬಲವೂ ಹೆಚ್ಚಲಿಲ್ಲ. ಅರ್ಜಿನಿನ್ ಗುಂಪಿನಲ್ಲಿ ಆರು ಜನ ಸತ್ತರು. ಹುಸಿಮಾತ್ರೆಯ ಗುಂಪಿನಲ್ಲಿ ಒಬ್ಬರೂ ಸಾಯಲಿಲ್ಲ. ಸುರಕ್ಷತೆ ನೋಡಿಕೊಳ್ಳುತ್ತಿದ್ದ ಸಮಿತಿ ಪ್ರಯೋಗ ನಿಲ್ಲಿಸಿತು. ಹೃದಯಾಘಾತವಾದವರಿಗೆ ಅರ್ಜಿನಿನ್ ಕೊಡಬಾರದು ಎಂದು ಆ ವೈದ್ಯರು ಬರೆದರು.

ಅದು ಸಣ್ಣ ಪ್ರಯೋಗ, ಆರು ಸಾವುಗಳಲ್ಲಿ ಆಕಸ್ಮಿಕದ ಪಾಲೂ ಇರಬಹುದು ಎಂದು ಯಾರಾದರೂ ಹೇಳಿದರೆ ಅದು ನ್ಯಾಯವಾದ ಮಾತು. ಆದರೆ ಅದೇ ನ್ಯಾಯವನ್ನು ಎರಡೂ ಕಡೆಗೆ ಹಿಡಿಯಬೇಕು. ಹೋಲಿಕೆಯ ಗುಂಪಿದ್ದ 153 ಜನರ ಪ್ರಯೋಗ ಸಾಲದು ಎನ್ನುವವರಿಗೆ ಹೋಲಿಕೆಯೇ ಇಲ್ಲದ ಕೈಬೆರಳೆಣಿಕೆಯ ರೋಗಿಕಥನ ಹೇಗೆ ಸಾಕಾಗುತ್ತದೆ? ಒಂದೇ ವರ್ಷ ಬಂದ ಈ ಎರಡು ಬರಹಗಳಲ್ಲಿ ಸಪ್ಲಿಮೆಂಟ್ ಲೋಕ ಒಂದನ್ನು ಊರೆಲ್ಲ ಹಾಡಿ ಇನ್ನೊಂದರ ಹೆಸರೇ ಎತ್ತುವುದಿಲ್ಲ. ಇದನ್ನು ನಾನು ಅಪ್ರಾಮಾಣಿಕತೆ ಎಂದೇ ಕರೆಯುತ್ತೇನೆ.

ಗರ್ಭಿಣಿಯರ ಉದಾಹರಣೆಯೂ ನಿಲ್ಲುವುದಿಲ್ಲ. ಎಳೆಯ ವಯಸ್ಸಿನ ಆರೋಗ್ಯವಂತ ಹೆಣ್ಣುಮಗಳ ರಕ್ತನಾಳ ಬೇರೆ, ಆಘಾತ ತಿಂದ ಅರುವತ್ತರ ಹೃದಯ ಬೇರೆ. ಟಾರಿನ್ನಿಗೂ ಇದೇ ಅನ್ವಯ. ದಿನಕ್ಕೆ 3 ಗ್ರಾಂ ವರೆಗೆ ಅದು ಆರೋಗ್ಯವಂತರಿಗೆ ಸುರಕ್ಷಿತ ಎನ್ನಲು ಸಾಕಷ್ಟು ಆಧಾರ ಇದೆ. 10ರಿಂದ 20 ಗ್ರಾಂ ಎಂದರೆ ಅರ್ಧ ಗ್ರಾಮಿನ ಕ್ಯಾಪ್ಸೂಲ್ ದಿನಕ್ಕೆ ಇಪ್ಪತ್ತರಿಂದ ನಲವತ್ತು. ಇದನ್ನು ಆಹಾರ ಎನ್ನುವುದು ಹೇಗೆ? ಮತ್ತೆ ಬೆಕ್ಕಿನ ಉದಾಹರಣೆ. ಬೆಕ್ಕು ತನಗೆ ಬೇಕಾದಷ್ಟು ಟಾರಿನ್ನನ್ನು ತಾನೇ ತಯಾರಿಸಿಕೊಳ್ಳಲಾರದು, ಮನುಷ್ಯ ತಯಾರಿಸಿಕೊಳ್ಳಬಲ್ಲ. ಮೀನು ಮಾಂಸ ತಿನ್ನದವರ ರಕ್ತದಲ್ಲಿ ಟಾರಿನ್ ಕಡಿಮೆ ಕಾಣುವುದು ನಿಜ. ಆದರೆ ಆ ಕಾರಣಕ್ಕೆ ಅವರ ಹೃದಯದ ಲಯ ತಪ್ಪುತ್ತದೆ ಎನ್ನಲು ಆಧಾರವಿಲ್ಲ. “ನೀವು ಸಸ್ಯಾಹಾರಿಗಳು, ನಿಮಗೆ ಇದು ಬೇಕೇ ಬೇಕು” ಎಂದು ಹೆದರಿಸಿ ಮಾರುವವರ ಮಾತನ್ನು ನಂಬಬೇಡಿ.

ಡಬ್ಬಿಯೊಳಗೆ ಬರೆದದ್ದೇ ಇದೆ ಎಂಬ ಖಾತ್ರಿಯೂ ಬೇಕಲ್ಲ. 1989ರಲ್ಲಿ ಅಮೆರಿಕದಲ್ಲಿ ನಿದ್ದೆಗೆಂದು ಜನ ತಿನ್ನುತ್ತಿದ್ದ ಎಲ್-ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲದ ಮಾತ್ರೆಯಿಂದ 1,500ಕ್ಕೂ ಹೆಚ್ಚು ಮಂದಿಗೆ ಸ್ನಾಯುನೋವಿನ ಭೀಕರ ಕಾಯಿಲೆ ಬಂತು, 30ಕ್ಕೂ ಹೆಚ್ಚು ಮಂದಿ ಸತ್ತರು. ಜಪಾನಿನ ಒಂದೇ ತಯಾರಕರಿಂದ ಬಂದ ಸರಕಿಗೆ, ಅದರಲ್ಲಿ ಬೆರೆತಿದ್ದ ಕಲ್ಮಶಗಳಿಗೆ ಅದರ ಎಳೆ ತಲುಪಿತು. ಅದೂ “ಬರೀ ಅಮೈನೊ ಆಮ್ಲ”ವೇ ಆಗಿತ್ತು.

ಇನ್ನು ಎಲ್ಲರೂ ಕೊನೆಗೆ ಹಿಡಿಯುವ ವಾದ: “ಇದಕ್ಕೆ ಪೇಟೆಂಟ್ ಸಿಗದು, ಲಾಭವಿಲ್ಲ, ಹಾಗಾಗಿ ಕಂಪನಿಗಳು ಪರೀಕ್ಷೆ ಮಾಡುವುದಿಲ್ಲ, ಡಾಕ್ಟರುಗಳಿಗೆ ಮಾತ್ರೆ ಬರೆಯುವುದೊಂದೇ ಗೊತ್ತು.” ಇದರಲ್ಲಿ ಅರ್ಧ ಸತ್ಯವಿದೆ. ಕಂಪನಿಗಳು ಲಾಭವಿಲ್ಲದ ಕಡೆ ಹೋಗುವುದಿಲ್ಲ. ಆದರೆ ಔಷಧವೇ ಅಲ್ಲದ ದಾರಿಗಳನ್ನೂ ಹೃದ್ರೋಗ ವಿಜ್ಞಾನ ಪರೀಕ್ಷಿಸಿದೆ, ಗೆದ್ದದ್ದನ್ನು ತಲೆಯ ಮೇಲಿಟ್ಟುಕೊಂಡಿದೆ. ಆಸ್ಟ್ರೇಲಿಯಾದಲ್ಲಿ ಏಟ್ರಿಯಲ್ ಫಿಬ್ರಿಲೇಶನ್ ಇದ್ದು ನಿಯಮಿತವಾಗಿ ಕುಡಿಯುತ್ತಿದ್ದ 140 ಜನರಲ್ಲಿ ಅರ್ಧ ಮಂದಿಗೆ ಕುಡಿತ ಬಿಡಲು ಹೇಳಿದರು. ಆರು ತಿಂಗಳಲ್ಲಿ ರೋಗ ಮರುಕಳಿಸಿದ್ದು ಬಿಟ್ಟವರಲ್ಲಿ ಶೇ. 53, ಬಿಡದವರಲ್ಲಿ ಶೇ. 73. ಅದೇ ದೇಶದ ಅಡಿಲೇಡಿನಲ್ಲಿ ಈ ರೋಗವಿದ್ದ ಸ್ಥೂಲಕಾಯದವರನ್ನು ಐದು ವರ್ಷ ಗಮನಿಸಿದಾಗ, ತೂಕದಲ್ಲಿ ಶೇ. 10ರಷ್ಟೋ ಅದಕ್ಕಿಂತ ಹೆಚ್ಚೋ ಇಳಿಸಿಕೊಂಡವರು ಲಯದೋಷದಿಂದ ಮುಕ್ತರಾಗಿರುವ ಸಾಧ್ಯತೆ ಆರು ಪಟ್ಟು ಹೆಚ್ಚಿತ್ತು. ಕುಡಿತ ಬಿಡುವುದಕ್ಕೆ ಪೇಟೆಂಟ್ ಯಾರದು? ತೂಕ ಇಳಿಸುವುದರಿಂದ ಯಾವ ಔಷಧ ಕಂಪನಿಗೆ ಲಾಭ? ಇವತ್ತು ಹೃದ್ರೋಗ ತಜ್ಞರು ಇವೆರಡನ್ನೂ ಚಿಕಿತ್ಸೆಯ ಭಾಗವೆಂದೇ ಹೇಳುತ್ತಾರೆ.

ಲವಣಗಳ ಕಥೆಯೂ ಇದನ್ನೇ ಹೇಳುತ್ತದೆ. ಹೃದಯಾಘಾತವಾದವರಿಗೆ ಮೆಗ್ನೀಸಿಯಂ ಚುಚ್ಚಿದರೆ ಸಾವು ಕಡಿಮೆ ಎಂದು 1992ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ 2,316 ರೋಗಿಗಳ ಪ್ರಯೋಗ ಹೇಳಿತು. ಎಲ್ಲರೂ ಹಿಗ್ಗಿದರು. 1995ರಲ್ಲಿ 58,000ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಆ ಲಾಭ ಕಾಣಲೇ ಇಲ್ಲ. ಆದರೆ ಅದೇ ಮೆಗ್ನೀಸಿಯಂ ‘ಟಾರ್ಸಾಡ್’ ಎಂಬ ಪ್ರಾಣಾಂತಕ ಲಯದೋಷಕ್ಕೆ ಇವತ್ತಿಗೂ ಮೊದಲ ಮದ್ದು. ಐಸಿಯುವಿನಲ್ಲಿ ಡಾಕ್ಟರ್ ಒಂದು ಕ್ಷಣವೂ ಯೋಚಿಸದೆ ಚುಚ್ಚುತ್ತಾರೆ. ಪೇಟೆಂಟ್ ಇಲ್ಲದ, ಅಗ್ಗದ ಲವಣವೊಂದು ತನ್ನ ಜಾಗದಲ್ಲಿ ಔಷಧವಾಯಿತು, ತನ್ನದಲ್ಲದ ಜಾಗದಿಂದ ಕೆಳಗಿಳಿಯಿತು. ಟಾರಿನ್ನಿಗೂ ಇದೇ ಮರ್ಯಾದೆ ಸಲ್ಲಲಿ: ಅದನ್ನು ಪರೀಕ್ಷೆಗೆ ಕೂರಿಸಿ.

“ಕಳೆದುಕೊಳ್ಳುವುದೇನೂ ಇಲ್ಲ” ಎಂಬ ಮಾತು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ. ಪರಿಚಯದ ಹಿರಿಯರೊಬ್ಬರು, ಮೈಸೂರಿನ ನಿವೃತ್ತ ಮೇಷ್ಟ್ರು, ಏಟ್ರಿಯಲ್ ಫಿಬ್ರಿಲೇಶನ್ ಇರುವವರು. ಅವರ ಮನೆಗೆ ಹೋದಾಗ ಊಟದ ಮೇಜಿನ ಮೇಲೆ ಎರಡು ಡಬ್ಬಿ ಇದ್ದವು. “ಎದೆ ಈಗ ಸುಮ್ಮನಿದೆಯಪ್ಪ. ಆ ರಕ್ತ ತೆಳ್ಳಗೆ ಮಾಡೋ ಮಾತ್ರೆ ಇನ್ಯಾಕೆ? ಗಡ್ಡ ಕೆರೆದರೂ ರಕ್ತ ನಿಲ್ಲಲ್ಲ ಅಂತೀನಿ” ಎಂದರು. ಒಂದು ಡಬ್ಬಿಯನ್ನು ತಿರುಗಿಸಿ ಹಿಂಬದಿಯ ಸಣ್ಣಕ್ಷರ ಓದಿ ತೋರಿಸಿದೆ. “ಔಷಧೀಯ ಬಳಕೆಗಲ್ಲ” ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. “ಅಂಗಡಿಯವನು ಹೃದಯಕ್ಕೇ ಅಂತ ಕೊಟ್ಟನಲ್ಲೋ” ಎಂದು ಕನ್ನಡಕ ಏರಿಸಿ ತಾವೇ ಇನ್ನೊಮ್ಮೆ ಓದಿದರು. ಮಾರನೆಯ ದಿನ ಮಗನ ಜೊತೆ ತಮ್ಮ ಡಾಕ್ಟರ್ ಹತ್ತಿರ ಹೋದರು, ರಕ್ತ ತೆಳುವಾಗಿಸುವ ಮಾತ್ರೆ ಮುಂದುವರಿಯಿತು.

ಅವರು ಅದನ್ನು ನಿಲ್ಲಿಸಿದ್ದರೆ? ಈ ರೋಗವಿದ್ದವರಿಗೆ ಪಾರ್ಶ್ವವಾಯುವಿನ ಅಪಾಯ ಸುಮಾರು ಐದು ಪಟ್ಟು. ನಡುಗುವ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹಾರುತ್ತದೆ. ವಾರ್ಫರಿನ್‌ನಂಥ ಮಾತ್ರೆ ಆ ಅಪಾಯವನ್ನು ಮೂರರಲ್ಲಿ ಎರಡು ಪಾಲು ತಗ್ಗಿಸುತ್ತದೆ. 2002ರಲ್ಲಿ ಪ್ರಕಟವಾದ ‘ಅಫರ್ಮ್’ ಎಂಬ 4,060 ರೋಗಿಗಳ ಪ್ರಯೋಗದಲ್ಲಿ ಒಂದು ಗುಂಪಿಗೆ ಲಯವನ್ನೇ ಸರಿಪಡಿಸುವ ಚಿಕಿತ್ಸೆ, ಇನ್ನೊಂದಕ್ಕೆ ಬಡಿತದ ವೇಗವನ್ನಷ್ಟೇ ಹಿಡಿತದಲ್ಲಿಡುವ ಚಿಕಿತ್ಸೆ. ಎರಡೂ ಗುಂಪುಗಳಲ್ಲಿ ಪಾರ್ಶ್ವವಾಯು ಹೆಚ್ಚಾಗಿ ಹೊಡೆದದ್ದು ವಾರ್ಫರಿನ್ ನಿಲ್ಲಿಸಿದವರಿಗೆ ಇಲ್ಲವೇ ಅದರ ಪ್ರಮಾಣ ಸಾಲದೆ ಇದ್ದವರಿಗೆ. ಎದೆ ಸುಮ್ಮನಾದರೆ ಹೆಪ್ಪು ಕಟ್ಟುವುದು ನಿಂತಿತೆಂದಲ್ಲ. ಸುಮ್ಮನಾದ ಎದೆ ಕೊಡುವ ಸುಳ್ಳು ಧೈರ್ಯವೇ ಇಲ್ಲಿ ಕೊಲ್ಲುವುದು.

ಕಳೆದುಹೋಗುವ ಇನ್ನೊಂದು ವಸ್ತು ಕಾಲ. ನಮ್ಮಲ್ಲಿ ಎದೆ ಡವಡವ ಎನ್ನಲು ಕಾರಣಗಳು ಹಲವು: ರಕ್ತಹೀನತೆ, ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವುದು, ಪೊಟ್ಯಾಸಿಯಂ ಇಳಿಯುವುದು, ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಕವಾಟ ಕಿರಿದಾಗುವುದು. ಇವುಗಳಲ್ಲಿ ಒಂದಕ್ಕೂ ಟಾರಿನ್ ಉತ್ತರವಲ್ಲ. ರಕ್ತಪರೀಕ್ಷೆ, ಇಸಿಜಿ, ಎಕೋಗಳಿಂದ ಇವು ಸಿಕ್ಕಿಬೀಳುತ್ತವೆ. ಇದ್ದಕ್ಕಿದ್ದಂತೆ ಬಡಿತ ನೂರೈವತ್ತು ದಾಟಿ, ಇದ್ದಕ್ಕಿದ್ದಂತೆ ನಿಂತುಬಿಡುವ ಎಸ್‌ವಿಟಿ ಎಂಬ ತೊಂದರೆಯನ್ನು ಅಬ್ಲೇಶನ್ ಒಂದೇ ಸಲಕ್ಕೆ ವಾಸಿ ಮಾಡುವುದೇ ಹೆಚ್ಚು. ಪುಡಿ ಕದಡಿ ಕುಡಿಯುತ್ತ ವರ್ಷಗಟ್ಟಲೆ ಕಾಯುವ ಹೆಣ್ಣುಮಗಳು ಆ ವರ್ಷಗಳನ್ನೇ ಕಳೆದುಕೊಳ್ಳುತ್ತಾಳೆ.

ಇಲ್ಲಿ ವೈದ್ಯರ ಪಾಲಿನ ತಪ್ಪನ್ನೂ ಹೇಳಲೇಬೇಕು. ಎರಡು ನಿಮಿಷ ನೋಡಿ “ಏನಿಲ್ಲಮ್ಮ, ಟೆನ್ಶನ್ ಅಷ್ಟೇ” ಎಂದು ಕಳಿಸಿದವರು ಎಷ್ಟು ಮಂದಿ! ಎಸ್‌ವಿಟಿ ಇರುವ ಎಷ್ಟೋ ಹೆಂಗಸರಿಗೆ ಮೊದಲು ಸಿಗುವುದು ಗಾಬರಿಯ ಕಾಯಿಲೆ ಎಂಬ ಹಣೆಪಟ್ಟಿ. ತನ್ನ ಎದೆ ತಾನು ಬಲ್ಲ ಮನುಷ್ಯನಿಗೆ ಕೇಳಿಸಿಕೊಳ್ಳುವ ಕಿವಿ ಬೇಕು. ಆಸ್ಪತ್ರೆಯಲ್ಲಿ ಸಿಗದ ಆ ಕಿವಿ ಸಪ್ಲಿಮೆಂಟ್ ಮಾರುವವನ ಬಳಿ ಸಿಕ್ಕಿದರೆ ಜನ ಅಲ್ಲಿಗೇ ಹೋಗುತ್ತಾರೆ. ಹೆಚ್ಚಿನ ಅಕಾಲ ಬಡಿತಗಳು ಗಟ್ಟಿಮುಟ್ಟಾದ ಹೃದಯದಲ್ಲಿ ನಿರಪಾಯಕಾರಿ. ಹೋಲ್ಟರ್ ವರದಿಯ ಸಂಖ್ಯೆಗಳನ್ನು ಮುಂದಿಟ್ಟುಕೊಂಡು ಇದನ್ನು ಹತ್ತು ನಿಮಿಷ ಬಿಡಿಸಿ ಹೇಳಿದರೆ ಎಷ್ಟೋ ರೋಗಿಗಳಿಗೆ ಬೇರೆ ಮದ್ದೇ ಬೇಡ. ಆ ಹತ್ತು ನಿಮಿಷ ಕೊಡದ ವೈದ್ಯರಿಗೆ ಟಾರಿನ್ ಡಬ್ಬಿಯನ್ನು ಬೈಯುವ ಹಕ್ಕು ಕಡಿಮೆ.

ಕಾನೂನು ಇಲ್ಲವೆಂದಲ್ಲ. 2016ರ ಆಹಾರ ಸುರಕ್ಷತಾ ನಿಯಮಗಳಂತೆ ಹೆಲ್ತ್ ಸಪ್ಲಿಮೆಂಟುಗಳ ಮೇಲೆ ಔಷಧೀಯ ಬಳಕೆಗಲ್ಲ ಎಂದು ಅಚ್ಚು ಹಾಕಲೇಬೇಕು. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ಹೃದ್ರೋಗ ವಾಸಿಮಾಡುತ್ತೇವೆ ಎಂಬ ಜಾಹೀರಾತನ್ನೇ ನಿಷೇಧಿಸಿದೆ. ಆದರೆ ಜಾಹೀರಾತು ಈಗ ಪತ್ರಿಕೆಯಲ್ಲಷ್ಟೇ ಬರುವುದಿಲ್ಲ. ಅಂಗಡಿಯ ಕೌಂಟರಿನಲ್ಲಿ, ಮೊಬೈಲಿನ ವಿಡಿಯೊದಲ್ಲಿ ಬಾಯಿಮಾತಾಗಿ ಬರುತ್ತದೆ. ಆ ಎಚ್ಚರಿಕೆ ಡಬ್ಬಿಯ ಮುಂಬದಿಯಲ್ಲಿ, ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಇರಬೇಕು. ವಿಡಿಯೊ ಮಾಡಿ ಹೃದಯದ ಕಾಯಿಲೆಗೆ ಪುಡಿ ಮಾರುವವರ ಮೇಲೆ 1954ರ ಕಾಯ್ದೆಯನ್ನು ನಿಜವಾಗಿ ಪ್ರಯೋಗಿಸಬೇಕು. ಮತ್ತು ಟಾರಿನ್ನಿನಲ್ಲಿ ಸತ್ವವಿದೆ ಎಂದು ನಂಬುವವರು ಒಂದು ಬೇಡಿಕೆಯನ್ನು ನನ್ನೊಂದಿಗೆ ಕೂಡಿ ಮುಂದಿಡಲಿ: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸಾರ್ವಜನಿಕ ಹಣದಲ್ಲಿ, ಹುಸಿಮಾತ್ರೆಯ ಹೋಲಿಕೆಯೊಂದಿಗೆ, ಬಡಿತದ ಎಣಿಕೆಯ ಜೊತೆ ಪಾರ್ಶ್ವವಾಯು ಮತ್ತು ಸಾವಿನ ಲೆಕ್ಕವನ್ನೂ ಇಟ್ಟು ಇದನ್ನು ಪರೀಕ್ಷಿಸಲಿ. ಗೆದ್ದರೆ ಬಡವರ ಕೈಗೆಟುಕುವ ಮದ್ದೊಂದು ನಾಡಿಗೆ ಸಿಗುತ್ತದೆ. ಅದನ್ನು ಮೊದಲು ಹೊಗಳಿ ಬರೆಯುವವರಲ್ಲಿ ನಾನೂ ಇರುತ್ತೇನೆ.

ಆ ಫಲಿತಾಂಶ ಬರುವ ತನಕ ಓದುಗರಲ್ಲಿ ನನ್ನ ಕೋರಿಕೆ ಇಷ್ಟೇ. ಎದೆ ಬಡಿತ ತಪ್ಪುತ್ತಿದ್ದರೆ ಅದು ನಡೆಯುತ್ತಿರುವಾಗಲೇ ಹತ್ತಿರದ ಆಸ್ಪತ್ರೆಗೆ ಹೋಗಿ ಇಸಿಜಿ ತೆಗೆಸಿ, ಆ ಹಾಳೆಯನ್ನು ಜೋಪಾನವಾಗಿಡಿ. ಯಾವ ಡಬ್ಬಿಗಿಂತಲೂ ಅದು ಬೆಲೆಬಾಳುತ್ತದೆ. ತಲೆಸುತ್ತು, ಎಚ್ಚರ ತಪ್ಪುವುದು, ಎದೆನೋವು ಜೊತೆಗಿದ್ದರೆ ಒಂದು ಗಳಿಗೆಯೂ ಕಾಯಬೇಡಿ. ಈಗಾಗಲೇ ಟಾರಿನ್, ಅರ್ಜಿನಿನ್ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡದೆ ಡಾಕ್ಟರಿಗೆ ಹೇಳಿ. ಹೃದಯಾಘಾತವಾಗಿದ್ದವರು, ನೈಟ್ರೇಟ್ ಅಥವಾ ಬಿಪಿ ಮಾತ್ರೆ ನುಂಗುವವರು ಮೊದಲು ಹೇಳಿ. ರಕ್ತ ತೆಳುವಾಗಿಸುವ ಮಾತ್ರೆಯನ್ನು ನಿಮ್ಮ ಡಾಕ್ಟರನ್ನು ಕೇಳದೆ ಎಂದಿಗೂ ನಿಲ್ಲಿಸಬೇಡಿ. ಇನ್ನು ಯಾರಾದರೂ “ನನಗೆ ಇದರಿಂದ ನಿಂತಿತು” ಎಂದು ಪ್ರೀತಿಯಿಂದ ಹೇಳಿದರೆ, ಅಷ್ಟೇ ಪ್ರೀತಿಯಿಂದ ಮರುಪ್ರಶ್ನೆ ಹಾಕಿ: ತೆಗೆದುಕೊಳ್ಳದೆ ಇದ್ದವರಿಗೆ ಏನಾಯಿತು ಎಂದು ಯಾರಾದರೂ ನೋಡಿದ್ದಾರೆಯೇ? ಕಾಸ್ಟ್ ಪ್ರಯೋಗದಲ್ಲಿ ವೈದ್ಯರು ಆ ಪ್ರಶ್ನೆ ಕೇಳಿದ್ದರಿಂದಲೇ ಸಾವಿರಾರು ಜನ ಆಮೇಲೆ ಆ ಔಷಧಗಳಿಗೆ ಬಲಿಯಾಗದೆ ಉಳಿದರು.